ನಾಡ್ಯೂಲಿನ ಬಾಲವೂ ನನ್ನ ಮಿರ್ಚಿಯೂ

ವೈದ್ಯರು ಒಂದೇ ಒಂದು ಇಂಗ್ಲಿಷ್ ಪದ ಉದುರಿಸಿ, ಅದರ ಅರ್ಥ ಹೇಳದೆ ಮುಂದಿನ ರೋಗಿಯನ್ನು ಕರೆದಾಗ ನಿಮ್ಮ ಕೈಕಾಲು ತಣ್ಣಗಾದದ್ದುಂಟೇ? ನನಗೆ ಮೊನ್ನೆ ಆಯಿತು. ಸಿರುಗುಪ್ಪದಲ್ಲಿರುವ ನನ್ನ ತಂಗಿ ಶರಣಮ್ಮನ ಕೊರಳಲ್ಲಿ ಗೋಲಿಯಷ್ಟು ಉಬ್ಬು ಕಂಡಿತ್ತು. ಬಳ್ಳಾರಿಯಲ್ಲಿ ಸ್ಕ್ಯಾನ್ ಮಾಡಿದವರು, "ಥೈರಾಯ್ಡ್‌ನಾಗ ನಾಡ್ಯೂಲ್ ಐತಿ. ಸೂಜಿ ಹಾಕಿ ಟೆಸ್ಟ್ ಮಾಡಸ್ರಿ," ಎಂದರು. ಅಷ್ಟೇ. ಕ್ಯಾನ್ಸರೋ ಅಲ್ಲವೋ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

ಟೆಸ್ಟಿನ ಫಲಿತಾಂಶ ಬರುವವರೆಗೆ ತಂಗಿ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯಲ್ಲೇ ಉಳಿದಳು. ಸುದ್ದಿ ಕೇಳಿ ಕುರುಗೋಡಿನಿಂದ ಸೋದರತ್ತೆ ಬಂದಿಳಿದರು. ಕಾಯಿಲೆಯ ಗಾತ್ರ ತಿಳಿಯದಿದ್ದರೆ ಹರಕೆಯ ಗಾತ್ರ ಹಿಗ್ಗಿಸುವುದು ನಮ್ಮ ಮನೆತನದ ಚಿಕಿತ್ಸಾಕ್ರಮ. ಅದೂ ನಾಲಿಗೆಯ ಹರಕೆ. ಇಷ್ಟದ ತಿನಿಸೊಂದನ್ನು ಕುರುಗೋಡಿನ ದೇವರು ದೊಡ್ಡಬಸಪ್ಪನ ಹೆಸರಲ್ಲಿ ಬಿಡಬೇಕು.

"ನಾ ಎಲಿ ಅಡಿಕಿ ಬಿಟ್ಟೀನಿ. ನೀ ಏನ್ ಬಿಡ್ತಿಯಲೇ?"

"ಹಾಗಲಕಾಯಿ, ಅತ್ತಿ."

"ಅದನ್ನ ನೀ ಹುಟ್ಟಿದಾಗಿಂದ ಮುಟ್ಟಿಲ್ಲ! ದೊಡ್ಡಬಸಪ್ಪಗ ಟೋಪಿ ಹಾಕ್ತಿಯೇನಲೇ?"

ಶರಣಮ್ಮ ನಕ್ಕಳು. ನಗುತ್ತಲೇ ಅವಳ ಬೆರಳು ತಾಳಿಸರವನ್ನು ಸರಿಸಿ ಆ ಉಬ್ಬನ್ನು ಮುಟ್ಟಿ ನೋಡಿತು. ನನ್ನ ಬಾಯಿಂದ ತಾನಾಗಿ ಮಾತು ಬಿತ್ತು: "ಮಿರ್ಚಿ ಬಿಟ್ಟೆ. ಸಾಯೋತನಕ."

ಬಳ್ಳಾರಿಯ ಬೆಳಗನ್ನು ಬಲ್ಲವರಿಗೆ ಈ ತ್ಯಾಗದ ಘನತೆ ಬಿಡಿಸಿ ಹೇಳಬೇಕಿಲ್ಲ. ಮಂಡಕ್ಕಿ ಒಗ್ಗರಣಿಯ ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ ಇರದ ಮುಂಜಾನೆ ನನ್ನ ಮಟ್ಟಿಗೆ ಸೂರ್ಯೋದಯವೇ ಅಲ್ಲ.

ಫಲಿತಾಂಶ ಬಂದ ದಿನ ವೈದ್ಯರು ಸರಳವಾಗಿ ಹೇಳಿದರು: "ಗಾಬರಿ ಬ್ಯಾಡಮ್ಮ. ಕ್ಯಾನ್ಸರ್ ಅಲ್ಲ, ಸಾದಾ ಗಂಟು. ಆಗಾಗ ತೋರಿಸ್ಕೊಂಡು ಹೋಗ್ರಿ." ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಮನಸಾರೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಣ್ಣಾ, ಹಸಿವಾಗೈತಿ," ಎಂದಳು. ಎಷ್ಟೋ ದಿನಗಳಿಂದ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಎದೆ ಹಗುರಾದ ಮೇಲೆ, ನನ್ನನ್ನು ಅಷ್ಟು ಹೆದರಿಸಿದ ಆ ಪದ ಎಂಥದೆಂದು ನಿಘಂಟು ತೆರೆದೆ. ಲ್ಯಾಟಿನ್ನಿನಲ್ಲಿ 'ನೋಡುಸ್' ಎಂದರೆ ಗಂಟು. ಅದಕ್ಕೆ 'ಉಲುಸ್' ಎಂಬ ಬಾಲ ಹಚ್ಚಿದರೆ ಪುಟ್ಟ ಗಂಟು. ಅದೇ ಸವೆದು ಇಂಗ್ಲಿಷಿನಲ್ಲಿ ನಾಡ್ಯೂಲ್ ಆಗಿದೆ. ಇದೇ ಬಾಲ ಹಚ್ಚಿಕೊಂಡೇ ಪೆಟ್ಟಿಗೆ ಪುಟ್ಟ ಪೆಟ್ಟಿಗೆಯಾಗಿ, ನಾವು ನೀರಿನೊಡನೆ ನುಂಗುವ ಕ್ಯಾಪ್ಸೂಲ್ ಆಯಿತು. ತೋಳು ಮಡಚಿದಾಗ ಚರ್ಮದಡಿ ಓಡಾಡುವ ಮಾಂಸಖಂಡ ಅವರ ಕಣ್ಣಿಗೆ ಇಲಿಮರಿಯಂತೆ ಕಂಡಿರಬೇಕು, ಮಸಲ್ ಎಂಬುದರ ಮೂಲಾರ್ಥ ಪುಟ್ಟ ಇಲಿ. ನನ್ನ ತೋಳು ಮಡಚಿ ನೋಡಿದೆ, ಇಲಿ ಮನೆಯಲ್ಲಿರಲಿಲ್ಲ. ಗಂಟಲಲ್ಲಿ ಜೋತಾಡುವುದನ್ನು ಅವರು ಕಿರುದ್ರಾಕ್ಷಿ ಎಂದರು, ನಾವು ಕಿರುನಾಲಿಗೆ ಎಂದೆವು. ನಾವು ಗಾತ್ರವನ್ನು ಮುಂದೆಯೇ ಸಾರುತ್ತೇವೆ, ಕುರುಗೋಡಿನ ಬಸವಣ್ಣನೂ ದೊಡ್ಡ ಎನಿಸಿಕೊಂಡೇ ಬಸಪ್ಪನಾಗುತ್ತಾನೆ. ಲ್ಯಾಟಿನ್ನಿನವರು ಸಣ್ಣತನವನ್ನು ಹಿಂದೆ ಕಟ್ಟುತ್ತಾರೆ. ಹೆದರಿದವನಿಗೆ ಪದದ ತಲೆಯಷ್ಟೇ ಕೇಳಿಸುತ್ತದೆ. ಬಾಲ ನೋಡುವ ವ್ಯವಧಾನ ಬರುವುದು ಗಂಡಾಂತರ ಕಳೆದ ಮೇಲೆ.

ಈ ಪಾಂಡಿತ್ಯ ಹೊತ್ತು ಅತ್ತೆಯ ಮುಂದೆ ನಿಂತೆ. "ಅತ್ತಿ, ಗಂಟು ಸಣ್ಣದಂತ. ಹರಕಿಗೂ ಒಂದು ಸಣ್ಣ ಬಾಲ ಹಚ್ಚೂಣ? ವಾರಕ್ಕೊಂದು ಮಿರ್ಚಿ?"

"ಹರಕಿ ಹೊತ್ತದ್ದು ದೊಡ್ಡಬಸಪ್ಪಗ. ನಿನ್ ಲ್ಯಾಟಿನ್ ಗೀಟಿನ್ ಅವಗ ನಡಿಯಂಗಿಲ್ಲ."

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತುವ ಮೊದಲು ತಂಗಿ ತಿಂಡಿಬಂಡಿಯ ಮುಂದೆ ನಿಂತು, ನನ್ನ ಪಾಲಿನದನ್ನೂ ಸೇರಿಸಿ ಮಿರ್ಚಿ ತಿಂದಳು. "ಖಾರ ಭಾಳ ಐತಿ ನೋಡಣ್ಣ," ಎಂದು ರೇಗಿಸಿದಳು. ಪ್ರತಿ ತುತ್ತಿಗೂ ಆ ಪುಟ್ಟ ಗಂಟು ಕೊರಳಲ್ಲಿ ಮೇಲೇರಿ ಕೆಳಗಿಳಿಯಿತು. ಅವಳ ಕೈ ಒಮ್ಮೆಯೂ ಅತ್ತ ಹೋಗಲಿಲ್ಲ. ನಾನು ಬರೀ ಒಗ್ಗರಣಿ ತಿಂದೆ, ರುಚಿಯಾಗಿತ್ತು.

ನಿಮ್ಮನ್ನು ಹೀಗೆ ನಡುಗಿಸಿದ ಪದ ಯಾವುದು, ಆಗ ನೀವು ಏನು ಬಿಟ್ಟಿರಿ? ಕೆಳಗೆ ಬರೆಯಿರಿ. ನನ್ನ ಹರಕೆ ಮುರಿಯುವ ಉಪಾಯ ಮಾತ್ರ ಬೇಡ, ಅದು ಹಾಗೇ ಇರಲಿ.