ಡಿಕ್ಕಿಗೆ ಬಳಿದ ಹಳೆ ಆಯಿಲ್

ಗೆಳೆಯರೇ, ನನ್ನ ಬಾಡಿಗೆ ಅಂಬಾಸಿಡರ್ ಕಾರಿನ ಡಿಕ್ಕಿ ತಳ ತುಕ್ಕು ಹಿಡಿದು ಕಳಚಿ, ಜನರ ಗಂಟುಮೂಟೆ ಎಲ್ಲ ರಸ್ತೆಗೆ ಉದುರಿದ ಹಾಗೆ ಕನಸು ಬಿತ್ತು. ಎದ್ದವನೇ ಡಿಕ್ಕಿಗೆಲ್ಲ ಇಂಜಿನ್ನಿನ ಹಳೆ ಆಯಿಲ್ ಬಳಿದು, ಮೇಲೆ ಗೋಣಿತಾಟು ಹಾಸಿ, ಹಿಂದೂಪುರದಲ್ಲಿ ಕಲ್ಯಾಣದುರ್ಗಕ್ಕೆ ಹೋಗುವ ಜನರನ್ನು ಹತ್ತಿಸಿಕೊಂಡೆ.

ಕೊನೆಗೆ ಬಂದವರು ಪರಿಗಿ ಕಡೆಯ ನೇಕಾರ ನಂಜುಂಡಪ್ಪ. ಕಲ್ಯಾಣದುರ್ಗದಲ್ಲಿ ನಾಳೆ ಮದುವೆಯಾಗುವ ಹುಡುಗಿ ಧಾರೆಗೆ ಉಡುವ ರೇಷ್ಮೆ ಸೀರೆ, ಅವರೇ ನೇಯ್ದದ್ದು, ಬಟ್ಟೆಚೀಲದಲ್ಲಿತ್ತು. ಚೀಲದ ತಳಕ್ಕೆ ಕೆಸರು ಮೆತ್ತಿತ್ತು.

"ತೊಡೆ ಮ್ಯಾಲೆ ಇಟ್ಕಂತೀನಿ ಕಣಪ್ಪ," ಅಂದರು.

"ಸೀಟೆಲ್ಲ ಕೆಸರಾಯ್ತದೆ. ಚೆನ್ನಾಗಿ ಒರೆಸ್ಬುಟ್ಟು ಡಿಕ್ಕಿಗಿಕ್ಕಣ್ಣ," ಅಂದೆ. ಪಾಪ, ಹೆಗಲ ಮೇಲಿನ ಟವಲಿನಿಂದಲೇ ಒರೆಸಿ ಇಟ್ಟರು.

ಮದುವೆ ಮನೆ ಬಾಗಿಲಿಗೇ ಬಿಟ್ಟೆ. ಹುಡುಗಿಯ ತಾಯಿ ಅಲ್ಲೇ ಸೀರೆ ಬಿಚ್ಚಿ ಮೂಗಿನ ಹತ್ತಿರ ಹಿಡಿದರು. "ಇದೇಮಣ್ಣಾ, ಪಟ್ಟುಚೀರ ಆಯಿಲ್ ವಾಸನ ಒಸ್ತಾಂದಿ?" ರೇಷ್ಮೆ ಸೀರೆ ಯಾಕೆ ಆಯಿಲ್ ವಾಸನೆ ಬರ್ತಿದೆ ಅಂತ ತೆಲುಗಿನಲ್ಲಿ ಕೇಳಿದರು.

ಗೋಣಿತಾಟಿನಿಂದ ಆಯಿಲ್ ಜಿನುಗಿ, ಚೀಲ ದಾಟಿ, ಸೀರೆ ಅಂಗೈಯಗಲ ಕಪ್ಪಾಗಿತ್ತು. ನಂಜುಂಡಪ್ಪ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಆಕೆಗೆ, "ಮಗ್ಗಕ್ಕೆ ಬಿಡೋ ಎಣ್ಣೆ ಕಣಮ್ಮ, ತಪ್ಪು ನಂದೇಯ. ಸೊಂಟಕ್ಕೆ ಸಿಕ್ಸೋ ಕಡೆ ಐತೆ, ಕಾಣಾಕಿಲ್ಲ," ಅಂದರು.

ಅಲ್ಲ, ಅದು ನನ್ನ ಡಿಕ್ಕಿಯದು ಅಂತ ಹೇಳದೆ, ಕಾರು ತಿರುಗಿಸಿಕೊಂಡು ಬಂದುಬಿಟ್ಟೆ. ಡಿಕ್ಕಿಗೆ ಮಾತ್ರ ಒಂದು ಚುಕ್ಕೆ ಕೆಸರಾಗಿಲ್ಲ, ನೋಡಿ.

ನಾಳೆ ಆ ಮದುವೆಗೆ ಹೋಗುವವರು ದಯವಿಟ್ಟು ಸೀರೆಯನ್ನು ಒಂದು ಸಲ ನೋಡಿ ಹೇಳಿ. ಕಲೆ ನಿಜವಾಗಿಯೂ ಸಿಕ್ಕಿಸುವ ಕಡೆ ಇದೆಯೋ, ಇಲ್ಲ ಸೆರಗಿನಲ್ಲಿದೆಯೋ?