ಅರ್ಧಕ್ಕೆ ನಿಂತ ಹಾಡು

ಹಾಡು ನಿಂತುಹೋಯಿತು.

ಮುಗಿದದ್ದಲ್ಲ, ನಿಂತದ್ದು. ಹಾಡುವವಳು ಮುಂದಿನ ಸಾಲಿಗೆಂದು ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಯಾರೋ ಕತ್ತು ಹಿಸುಕಿದಂತೆ ದನಿ ಕೆಳಕ್ಕೆ ಜಾರಿತು, ಪರದೆ ಕಪ್ಪಾಯಿತು, ಕಪ್ಪಿನ ಮೇಲೆ ಕೆಂಪಗೆ ಒಂದೇ ಪದ ಮೂಡಿತು. ಫೇಲ್.

ಬೈಂಡರಮ್ಮ ಬೆರಳುಗಳನ್ನು ಗಾಜಿನ ಮೇಲಿಂದ ತೆಗೆಯದೆಯೇ ತಲೆ ಎತ್ತಿದಳು.

"ಕರೆಂಟ್ ಹೋಯ್ತಾ?"

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಬೆಂಚುಗಳಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ಸೂಜಿದಾರ ಅಂದರೆ ಹೀಗೇ, ಮುಖ ಗಂಟಿಕ್ಕಿಕೊಂಡೇ ನಗಿಸುತ್ತಾರೆ ಎಂದುಕೊಂಡರು. ಸೂಜಿದಾರ ಎಂಬುದು ಬೈಂಡರಮ್ಮ ಆ ಗುಂಪಿನಲ್ಲಿ ಇಟ್ಟುಕೊಂಡ ಹೆಸರು. ಫೋನಿನಲ್ಲಿ ತಾಳದ ಆಟ ಆಡುವವರ ಗುಂಪು ಅದು. ಇಷ್ಟು ದಿನ ಬರಿಯ ಅಕ್ಷರಗಳಾಗಿ ಪರಿಚಯವಿದ್ದವರು ಇವತ್ತು ಮೊದಲ ಸಲ ಮುಖ ಹೊತ್ತುಕೊಂಡು ಬಂದು ಒಂದು ಟ್ಯೂಷನ್ ಕೋಣೆಯಲ್ಲಿ ಸೇರಿದ್ದರು. ಸಣ್ಣದೊಂದು ಸ್ಪರ್ಧೆ ಇತ್ತು. ಮೊದಲ ಆಟದ ಮರ್ಯಾದೆಯನ್ನು ಎಲ್ಲರೂ ಸೂಜಿದಾರರಿಗೇ ಬಿಟ್ಟಿದ್ದರು.

"ಇನ್ನೊಂದ್ಸಲ ಹಾಕ್ರಪ್ಪ, ಮಷೀನು ಎಲ್ಲೋ ಸಿಕ್ಕಾಕೊಂಡಿದೆ," ಎಂದಳು.

ಗುಂಪನ್ನು ನಡೆಸುವವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವ. ಹಾಗಾಗಿ ಎಲ್ಲರಿಗೂ ಅವನು ಮೀಟರ್. ಅವನು ತನ್ನ ಟ್ಯಾಬ್ಲೆಟ್ ಎಳೆದುಕೊಂಡು ಮತ್ತೆ ಅದೇ ಹಾಡು ಹಾಕಿಕೊಟ್ಟ. ಮೇಲಿನಿಂದ ಬಣ್ಣದ ಗುಳ್ಳೆಗಳು ನಾಲ್ಕು ಸಾಲಾಗಿ ಇಳಿಯತೊಡಗಿದವು. ಗುಳ್ಳೆ ಗೆರೆ ಮುಟ್ಟುವ ಹೊತ್ತಿಗೆ ಬೆರಳು ತಾಗಿಸಬೇಕು, ಆಟವೆಂದರೆ ಅಷ್ಟೇ. ಆಕೆಗೆ ಬಾಯಿಪಾಠವಾದ ಹಾಡು ಇದು, ಮನೆಯಲ್ಲಿ ಕೊನೆಯವರೆಗೆ ಎಷ್ಟು ಸಲ ಆಡಿದ್ದಳೋ. ಹಾಗಿದ್ದೂ ಅದೇ ಜಾಗದಲ್ಲಿ, ಹಾಡುವವಳು ಉಸಿರೆಳೆಯುವಲ್ಲೇ, ಮತ್ತೆ ಅದೇ ಕಪ್ಪು, ಅದೇ ಕೆಂಪು.

ಈ ಸಲ ಯಾರೂ ನಗಲಿಲ್ಲ.

"ಇದೇನು ಮೀಟರ್, ಹಾಡು ಅರ್ಧಕ್ಕೆ ನಿಲ್ಲುತ್ತೆ?"

"ಫೇಲಾದ್ರೆ ನಿಲ್ಲುತ್ತಲ್ಲಮ್ಮ."

"ನಿಲ್ಲುತ್ತಾ?"

ಆಕೆ ಕೇಳಿದ ರೀತಿಗೆ ಮೀಟರ್ ತನ್ನ ಮುಖದ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ಬೈಂಡರಮ್ಮನ ಆಯುಷ್ಯವೆಲ್ಲ ಒಂದು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕಳೆದಿತ್ತು. ಅಚ್ಚಾದ ದೊಡ್ಡ ಹಾಳೆಗಳು ಅಲ್ಲಿಗೆ ಬರುತ್ತವೆ. ಮಡಿಸಿದ ಹಾಳೆಗೆ ಫಾರಂ ಎಂದು ಹೆಸರು. ಫಾರಂಗಳನ್ನು ಉದ್ದ ಮೇಜಿನ ಮೇಲೆ ಸಾಲಾಗಿ ಪೇರಿಸಿಟ್ಟು, ಮೇಜಿನ ಸುತ್ತ ನಡೆಯುತ್ತ ಒಂದೊಂದಾಗಿ ಎತ್ತಿ ಜೋಡಿಸಬೇಕು. ಬೆನ್ನಿಗೆ ಹೊಲಿಗೆ ಹಾಕಬೇಕು. ಅಂಟು ಬಳಿದು ರಟ್ಟು ಕೂರಿಸಬೇಕು. ಆಕೆ ಮೇಜು ಸುತ್ತುವ ನಡಿಗೆಗೆ ಒಂದು ಲಯವಿತ್ತು. ಕೆಲಸಕ್ಕೆ ಹೊಸದಾಗಿ ಬಂದವರು ಆ ಲಯಕ್ಕೆ ಸಿಕ್ಕಿ, ತಮಗೇ ತಿಳಿಯದೆ ಅವಳ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು. ಹೊಲಿಗೆ ಒಂದು ಕಡೆ ಸಡಿಲವಾದರೂ ಇಡೀ ಪುಸ್ತಕ ಬಿಚ್ಚಿ ಮತ್ತೆ ಹೊಲಿಯುವವಳು ಅವಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಇಷ್ಟು ಪುಸ್ತಕ ಕಟ್ಟೋದ್ರಲ್ಲಿ ಒಬ್ಬನ್ನ ಕಟ್ಕೊಳ್ಳೋಕೆ ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ಸಂಸಾರವೆಂದರೆ ತಂಗಿ ಮತ್ತು ತಂಗಿಯ ಮಗಳು.

ಪ್ರೆಸ್ಸಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ಬೇರೆ ಯಾರವೋ ಆಗಿದ್ದವು. ಮಡಿಸು ಎಂದರೆ ಮಡಿಸುತ್ತಿರಲಿಲ್ಲ, ಹಿಡಿ ಎಂದರೆ ಹಿಡಿಯುತ್ತಿರಲಿಲ್ಲ. ಬೆರಳು ಆಡಿಸುತ್ತಿರಿ ಎಂದರು ಡಾಕ್ಟರು. ಸುಮ್ಮನೆ ಗಾಳಿಯಲ್ಲಿ ಎಷ್ಟು ಹೊತ್ತು ಆಡಿಸುವುದು? ಆಗ ತಂಗಿಯ ಮಗಳು ದೊಡ್ಡಮ್ಮನ ಫೋನಿಗೆ ಈ ಆಟವನ್ನು ಹಾಕಿಕೊಟ್ಟಳು.

ವಿಡಿಯೋ ಗೇಮ್ ಎಂದರೆ ಅಲ್ಲಿಯವರೆಗೆ ಆಕೆ ಮೂಗು ಮುರಿಯುತ್ತಿದ್ದಳು. ಗುಂಡು ಹಾರಿಸುವುದು, ಗೋಡೆ ಹಾರುವುದು, ಯಾರನ್ನೋ ಬೀಳಿಸಿ ಕುಣಿಯುವುದು. ಇದರಲ್ಲಿ ಬೀಳಿಸಲು ಯಾರೂ ಇರಲಿಲ್ಲ. ಹಾಡು ನಡೆದು ಬರುತ್ತಿತ್ತು, ಬೆರಳು ಬಾಗಿಲಿಗೆ ಹೋಗಿ ಎದುರುಗೊಳ್ಳುತ್ತಿತ್ತು. ಒಂದು ದಿನ ಉಂಗುರದ ಬೆರಳು ತಾನಾಗಿ ಬಗ್ಗಿ ಗುಳ್ಳೆಯೊಂದನ್ನು ಮುಟ್ಟಿದಾಗ ಆಕೆ ಕೂತಲ್ಲೇ ಕೂಗಿಕೊಂಡಿದ್ದಳು. ತಂಗಿ ಒಲೆ ಆರಿಸದೆ ಓಡಿಬಂದಿದ್ದಳು.

ಗುಂಪಿಗೆ ಸೇರಿದ ಮೇಲೆ ಅಭಿಪ್ರಾಯಗಳೂ ಬೆಳೆದವು. ಮಿಂಚಿನ ವೇಗದ ಹಾಡು ಆಡಿ ಮೆರೆಯುವವರನ್ನು ಕಂಡರೆ ಆಗುತ್ತಿರಲಿಲ್ಲ. "ತಗಡಿನ ಮೇಲೆ ಆಲಿಕಲ್ಲು ಬಿದ್ದಹಾಗೆ ಬಡೀತೀರಿ, ಹಾಡು ಎಲ್ಲಿ ಹೋಯ್ತು?" ಎಂದು ಬರೆಯುತ್ತಿದ್ದಳು. ಸುಲಭದ ಮಟ್ಟವೇ ಚೆಂದ, ಮೊದಲ ದಿನ ಬಂದವರ ಕೈಗೂ ಹಾಡಿನ ಒಂದು ತುಣುಕು ಸಿಗುತ್ತದೆ ಎಂದು ವಾದಿಸುತ್ತಿದ್ದಳು. ಹೊಸಬರು ಆ ಮಾತಿಗೆ ಜೀವ ಬಿಡುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಮಾತ್ರ ಆಕೆ ಕಲ್ಲು. ಆಟದಲ್ಲಿ ನೋ ಫೇಲ್ ಎಂಬ ಅನುಕೂಲವಿದೆ, ಅದನ್ನು ಹಾಕಿಕೊಂಡರೆ ಎಷ್ಟು ತಪ್ಪಿದರೂ ಸೋಲು ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಅಂಥವರನ್ನು ಸ್ಪರ್ಧೆಗೆ ಸೇರಿಸಬೇಕೇ ಎಂಬ ಜಗಳ ಬಂದಾಗ ಸೂಜಿದಾರ ಬರೆದದ್ದು ಹೀಗೆ: "ಸೋಲೇ ಇಲ್ಲದ ಆಟ ಉಪ್ಪಿಲ್ಲದ ಅಡುಗೆ. ಮುರಿದ ಕೈ ಇಟ್ಕೊಂಡು ನಾನೇ ಸೋಲದೆ ಆಡ್ತಿದೀನಿ. ಕೈಕಾಲಿನ ನೆಪ ಹೇಳ್ಬೇಡಿ."

ಅದರ ಮೇಲೆ ಯಾರು ಮಾತಾಡುತ್ತಾರೆ? ಮೀಟರ್ ಅದನ್ನೇ ನಿಯಮ ಮಾಡಿದ. ಕೆಲವರು ಸದ್ದಿಲ್ಲದೆ ಗುಂಪು ಬಿಟ್ಟರು. ಉಳಿದವರು "ಸೋತೆ, ಇವತ್ತೂ ಸೋತೆ" ಎಂದು ಗೋಳಾಡುವಾಗ, ಅಂಕ ಕಡಿಮೆ ಬಂದದ್ದಕ್ಕೆ ಹಾಗೆನ್ನುತ್ತಾರೆ ಎಂದೇ ಬೈಂಡರಮ್ಮ ತಿಳಿದಿದ್ದಳು. ತನ್ನ ಪರದೆಯ ಮೂಲೆಯಲ್ಲಿದ್ದ ಸಣ್ಣ ಗುರಾಣಿಯ ಚಿತ್ರವನ್ನು ಕಂಪನಿಯ ಮುದ್ರೆ ಎಂದುಕೊಂಡಿದ್ದಳು.

ಈಗ ಮೀಟರ್‌ನ ಟ್ಯಾಬ್ಲೆಟ್ ನೋಡಿದಳು. ಅದರ ಮೂಲೆಯಲ್ಲಿ ಗುರಾಣಿ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದ ತಂಗಿಯ ಮಗಳ ಕಡೆ ತಿರುಗಿದಳು. ಹುಡುಗಿಯ ಮುಖ ಸುಣ್ಣದ ಗೋಡೆಯಂತಾಗಿತ್ತು. ಬೈಂಡರಮ್ಮ ಎದ್ದು, ಯಾರಿಗೂ ಏನೂ ಹೇಳದೆ, ಹುಡುಗಿಯ ರಟ್ಟೆ ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದಳು.

"ಏನು ಮಾಡಿದೀಯಾ?"

"ದೊಡ್ಡಮ್ಮ, ಮೊದ್ಲು ಕೂತ್ಕೊಳಿ."

"ಕೂತ್ಕೊಳಿ ಅಂದ್ರೆ ಯಾರೋ ಸತ್ತಿದಾರೆ ಅಂತ. ಹೇಳು."

"ನಿಮ್ಮ ಫೋನಲ್ಲಿ ನೋ ಫೇಲ್ ಹಾಕಿದೆ, ಮೂಲೇಲಿರೋ ಗುರಾಣಿ ಅದೇ. ಮೊದಲನೇ ದಿನದಿಂದ. ನಾನೇ ಹಾಕಿದ್ದು."

ಬೈಂಡರಮ್ಮ ಕೂತಳು.

"ಮೊದಲನೇ ದಿನದಿಂದ," ಎಂದಳು.

"ಪಟ್ಟಿ ಬಿಚ್ಚಿದ ವಾರ ನೀವು ಚಮಚ ತಗೊಂಡು ಗೋಡೆಗೆ ಎಸೆದಿರಿ. ಅಮ್ಮ ಅತ್ತಳು. ಹಾಡೂ ಅರ್ಧಕ್ಕೆ ನಿಂತ್ರೆ ಫೋನೂ ಗೋಡೆಗೆ ಹೋಗುತ್ತೆ ಅನ್ನಿಸ್ತು. ಆಮೇಲೆ ತೆಗೆಯೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಗುಂಪಲ್ಲಿ ದೊಡ್ಡ ಮನುಷ್ಯರಾಗ್ಬಿಟ್ರಿ. ಹೇಗೆ ತೆಗೀಲಿ?"

"ನಾನು ಅಲ್ಲಿ ಅಷ್ಟೆಲ್ಲ ಕೊಚ್ಕೊಳ್ಳೋವಾಗ ಬಾಯಿ ಮುಚ್ಚಿಸ್ಬಾರ್ದಿತ್ತೇನೇ?"

"ನಿಮ್ಮ ಬಾಯಿ ಮುಚ್ಚಿಸೋರು ನಮ್ಮನೇಲಿ ಯಾರು ಹುಟ್ಟಿದಾರೆ ದೊಡ್ಡಮ್ಮ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ತಲೆಗೊಂದು ಮೊಟಕು ಬೀಳುತ್ತಿತ್ತು. ಇವತ್ತು ಕೈ ಮೇಲೇಳಲಿಲ್ಲ. ತಾನು ಬರೆದದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಮುರಿದ ಕೈ ಇಟ್ಕೊಂಡು ನಾನೇ. ನಾನೇ. ನಾಚಿಕೆಗಿಂತ ಮೊದಲು ಬಂದದ್ದು ಬೆರಗು: ಒಬ್ಬ ಹೆಂಗಸು ಇಷ್ಟು ಕಾಲ, ಇಷ್ಟು ಗಟ್ಟಿಯಾಗಿ, ತನಗೇ ಗೊತ್ತಿಲ್ಲದ್ದನ್ನು ಹೇಳಿಕೊಂಡು ಬದುಕಬಹುದೇ?

"ಇಲ್ಲಿ ಅದನ್ನ ಹಾಕ್ಕೊಂಡು ಆಡೋರು ಬೇರೆ ಯಾರಾದ್ರೂ ಬಂದಿದಾರಾ?"

"ನಾನಿದೀನಿ," ಎಂಬ ಉತ್ತರ ಹಿಂದಿನಿಂದ ಬಂತು.

ಗುಂಪಿನಲ್ಲಿ ಗುಬ್ಬಿ ಎಂದು ಹೆಸರಿಟ್ಟುಕೊಂಡ ಹೆಂಗಸು. ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಕೋಣೆ ಅವಳದೇ, ಇವತ್ತಿಗೆಂದು ಪುಕ್ಕಟೆ ಬಿಟ್ಟುಕೊಟ್ಟಿದ್ದಳು. ಹುಟ್ಟಿದಾಗಿನಿಂದ ಅವಳ ಕೈಗಳು ನಡುಗುತ್ತವೆ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು, ಅರ್ಧ ಮಾತ್ರ ತುಂಬಿ.

ಆ ಕೈಗಳನ್ನು ನೋಡಿದ್ದೇ ಬೈಂಡರಮ್ಮನಿಗೆ ಇನ್ನೊಂದು ಏಟು ಬಿತ್ತು. ಒಳಗೆ ಬೋರ್ಡಿನ ಮೇಲೆ, ಅಳಿಸಿದ ಲೆಕ್ಕಗಳ ನಡುವೆ, ಬರೆದಿತ್ತು: ನೋ ಫೇಲ್ ಹಾಕಿಕೊಳ್ಳುವವರಿಗೆ ಸ್ಪರ್ಧೆ ಇಲ್ಲ. ಅಕ್ಷರಗಳು ಅಂಕುಡೊಂಕು. ಬೆಳಿಗ್ಗೆ ಒಳಗೆ ಕಾಲಿಡುತ್ತಲೇ ಬೈಂಡರಮ್ಮ, "ಇದನ್ನ ಯಾರ ಹತ್ರ ಬರೆಸಿದ್ರಿ ಮೀಟರ್, ಇರುವೆ ಹತ್ರಾನಾ?" ಎಂದು ನಗಿಸಹೋಗಿದ್ದಳು. ಯಾರೂ ಯಾಕೆ ನಗಲಿಲ್ಲ ಎಂಬುದು ಈಗ ತಿಳಿಯಿತು.

"ಬೋರ್ಡ್ ಮೇಲೆ..."

"ನಾನೇ ಬರೆದದ್ದು. ಬೋರ್ಡು ನಂದು, ನಿಯಮ ನಿಮ್ಮದು." ಗುಬ್ಬಿ ಲೋಟವನ್ನು ಮೆಟ್ಟಿಲ ಮೇಲಿಟ್ಟಳು. "ನಿಮ್ಮನ್ನ ಸಮಾಧಾನ ಮಾಡೋಕೆ ಬಂದಿಲ್ಲ. ಒಂದು ಕೇಳೋಣ ಅಂತ ಬಂದೆ. ಇಷ್ಟು ದಿನ ಆಡುವಾಗ ಆ ತಾಳ ನಿಮಗೆ ಸುಳ್ಳು ಅನ್ನಿಸಿತ್ತಾ?"

ಬೈಂಡರಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ತಾಗಿದ ಗುಳ್ಳೆ ತಾಗಿತ್ತು, ತಪ್ಪಿದ್ದು ತಪ್ಪಿತ್ತು. ಅವಳ ಪರವಾಗಿ ಯಾರೂ ಬಂದು ಮುಟ್ಟಿರಲಿಲ್ಲ. ಉಂಗುರದ ಬೆರಳು ಬಗ್ಗಿದ ದಿನ ಅದು ಬಗ್ಗಿದ್ದು ನಿಜ. ಹಾಡು ನಿಲ್ಲದೆ ಕಾದದ್ದರಿಂದಲೇ ಬಗ್ಗಿತ್ತೇನೋ.

"ಇಲ್ಲ," ಎಂದಳು. ತನ್ನ ಬಾಯಿಂದ ಬಂದ ಆ ಪದ ಒಳಗಿನ ಕೆಂಪಕ್ಷರಕ್ಕಿಂತ ಹೆಚ್ಚಾಗಿ ಅವಳನ್ನು ಬೆಚ್ಚಿಬೀಳಿಸಿತು.

"ನನಗೂ ಇಲ್ಲ," ಎಂದು ಗುಬ್ಬಿ ಒಳಗೆ ಹೋದಳು.

ಬೈಂಡರಮ್ಮ ಲೋಟದ ನೀರನ್ನು ಕುಡಿದು ಮುಗಿಸಿ, ಒಳಗೆ ಬಂದು ಮೇಜಿನ ಪಕ್ಕ ನಿಂತಳು. ಮೀಟರ್ ಓಡಿಬಂದ. "ಆಗಿದ್ದಾಯ್ತಮ್ಮ, ಇದು ನನ್ನ ಟ್ಯಾಬು, ನಿಮಗೆ ಅಭ್ಯಾಸ ಇಲ್ಲ. ಇನ್ನೂ ಸುಲಭದ್ದು ಹಾಕಿಕೊಡ್ಲಾ?"

"ಟ್ಯಾಬಿನ ನೆಪ ಬೇಡ ಮೀಟರ್. ನನ್ನ ಫೋನಲ್ಲಿ ಇಷ್ಟು ದಿನವೂ ನೋ ಫೇಲ್ ಇತ್ತು. ನನಗೆ ಗೊತ್ತಿರ್ಲಿಲ್ಲ. ಹಾಡು ಅರ್ಧಕ್ಕೆ ನಿಲ್ಲುತ್ತೆ ಅಂತಾನೇ ಇವತ್ತು ಗೊತ್ತಾಗಿದ್ದು."

ಬೆಂಚುಗಳಲ್ಲಿ ಗುಸುಗುಸು ಎದ್ದು ತಣ್ಣಗಾಯಿತು. ಹಿಂದಿನಿಂದ ಯಾರೋ ಕೇಳಿದರು: "ಹಾಗಾದ್ರೆ ನಿಮ್ಮ ಸ್ಕೋರೆಲ್ಲ ಬೋಗಸ್ಸಾ?"

"ಸ್ಕೋರ್ ಬೋಗಸ್ಸಲ್ಲ. ಮಾತು ಬೋಗಸ್ಸು." ಬೋರ್ಡಿನತ್ತ ಹೋಗಿ ಡಸ್ಟರ್ ಕೈಗೆತ್ತಿಕೊಂಡಳು. ಬಲಗೈಯಲ್ಲಿ ಹಿಡಿತ ಸಾಲದೆ ಎಡಗೈಗೆ ಬದಲಿಸಿದಳು. "ಗುಂಪು ಬಿಟ್ಟುಹೋದವರ ಹತ್ರ ನಾನೇ ಮಾತಾಡ್ತೀನಿ. ಬಯ್ದ್ರೆ ಬಯ್ಸ್ಕೋತೀನಿ. ಇದನ್ನ ಅಳಿಸಲಾ?"

ಮೀಟರ್ ಕತ್ತು ಕೆರೆದುಕೊಂಡ. "ಆಟ ಶುರುವಾದ ಮೇಲೆ ನಿಯಮ ಬದಲಾಯ್ಸಿದ್ರೆ, ಆಡಿ ಸೋತೋರು ಸುಮ್ನಿರ್ತಾರಾ?"

"ಇಲ್ಲಿಯವರೆಗೆ ಆಡಿ ಸೋತೋಳು ನಾನೊಬ್ಳೇ. ನಾನು ಸುಮ್ನಿದೀನಿ."

ಈಗ ನಗು ಬಂತು. ಮೊದಲಿನಂತಲ್ಲ, ಸ್ವಲ್ಪ ಹೆದರಿಕೊಂಡು. ಆಕೆ ಅಳಿಸಿದಳು. ಮೀಟರ್ ಬೆಂಚುಗಳತ್ತ ನೋಡಿದ, ಯಾರೂ ಬೇಡವೆನ್ನಲಿಲ್ಲ. ಗುಬ್ಬಿಯನ್ನು ಕರೆದ.

ಗುಬ್ಬಿ ಬಂದು ಗುರಾಣಿ ಹಾಕಿಕೊಂಡು ಕೂತಳು. ಬೈಂಡರಮ್ಮ ಮುಂದಿನ ಬೆಂಚಿನ ತುದಿಯಲ್ಲಿ ಕೂತು ನೋಡಿದಳು. ಬೆರಳುಗಳು ಗಾಜಿನ ಮೇಲೆ ಎಲೆಯಂತೆ ಅದುರುತ್ತಿದ್ದವು. ಒಂದು ಗುಳ್ಳೆಗೆ ಹೊರಟದ್ದು ಪಕ್ಕದ್ದಕ್ಕೆ ತಾಗುತ್ತಿತ್ತು. ಎಷ್ಟೋ ಕೈ ತಪ್ಪಿದವು. ತಪ್ಪಿದ್ದಕ್ಕೆ ಅವಳು ತುಟಿ ಕಚ್ಚಲಿಲ್ಲ, ಮುಂದಿನದರ ದಾರಿ ಕಾಯುತ್ತಿದ್ದಳು. ಹಾಡುವವಳು ಉಸಿರೆಳೆದುಕೊಂಡಳು. ಬೈಂಡರಮ್ಮನ ಮೈ ಬಿಗಿಯಿತು. ಹಾಡು ನಿಲ್ಲಲಿಲ್ಲ, ಮುಂದಿನ ಸಾಲಿಗೆ ದಾಟಿತು. ಅಲ್ಲಿ ತಾಳ ನಿಧಾನವಾಗುತ್ತದೆ. ಗುಬ್ಬಿಯ ಬೆರಳುಗಳು ಒಂದಾದ ಮೇಲೊಂದು, ಬಿಡದೆ, ಗೆರೆಯ ಮೇಲೇ ಬಿದ್ದವು.

ಹಾಡು ಮುಗಿದ ಮೇಲೆ ಮೀಟರ್ ಬೈಂಡರಮ್ಮನ ಕಡೆ ನೋಡಿದ. "ನೀವೂ ಈಗ ಬನ್ನಿಯಮ್ಮ."

"ನಂದು ಆಯ್ತಲ್ಲ. ನನ್ನ ನಿಯಮದಲ್ಲೇ ಆಡಿ ಫೇಲಾಗಿದೀನಿ. ಅದು ಹಾಗೇ ಇರ್ಲಿ."

"ಫೇಲಾದೋರು ಸುಮ್ನೆ ಕೂರೋಕೆ ಇದು ಬಸ್‌ಸ್ಟ್ಯಾಂಡಾ?" ಗುಬ್ಬಿ ಕುರ್ಚಿಯಿಂದ ಎದ್ದು ಅದನ್ನು ಹಿಂದಕ್ಕೆಳೆದು ನಿಂತಳು. ಅವಳ ದನಿ ಮಕ್ಕಳೆದುರಿನ ದನಿಯಾಗಿತ್ತು. "ಇಲ್ಲಿ ಟೀಚರ್ ನಾನು. ನನ್ನ ಕ್ಲಾಸಲ್ಲಿ ಫೇಲಾದೋರು ಪರೀಕ್ಷೆಗೆ ಮತ್ತೆ ಕೂರ್ಲೇಬೇಕು. ಏಳಿ. ಗುರಾಣಿ ಇಟ್ಕೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಬೈಂಡರಮ್ಮ ಬಾಯಿ ತೆರೆದಳು. ಹೇಳಲು ಏನೂ ಸಿಗಲಿಲ್ಲ. ಇಂಥದು ಜೀವಮಾನದಲ್ಲಿ ಆಗಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ತಂಗಿಯ ಮಗಳಂತೂ ಕಣ್ಣರಳಿಸಿ ನೋಡುತ್ತಿದ್ದಳು. ಅಂಗೈಯ ಬೆವರನ್ನು ಬಟ್ಟೆಗೆ ಒರೆಸಿಕೊಂಡು ಬೈಂಡರಮ್ಮ ಎದ್ದಳು, ಕುರ್ಚಿಯಲ್ಲಿ ಕೂತಳು, ಮೂಲೆಯ ಗುರಾಣಿಯನ್ನು ತೆಗೆಯದೆ ಬೆರಳುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟಳು.

"ಹಾಕಿ ಮೀಟರ್," ಎಂದಳು.