ಗೋಡೆಯೊಳಗಿನ ಗೆರೆ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ‘ಗೆರೆ ಮೇಡಂ’ ಎನ್ನುತ್ತಿದ್ದರು. ಗಣಿತ ಕಲಿಸುವವಳು, ಮನಸ್ಸೆಲ್ಲ ಒಂದೇ ಪ್ರಶ್ನೆಯ ಮೇಲೆ. ಗೋಡೆಯೊಳಗೆ ಅಡಗಿದ ಕೂದಲೆಳೆಯಂಥ ಬಿರುಕನ್ನು ಗೋಡೆ ಒಡೆಯದೆ ಕಾಣುವುದು ಹೇಗೆ? ಒಳಕ್ಕೆ ರೇಡಿಯೊ ಅಲೆ ಕಳಿಸಿ, ತಾಗಿ ಮರಳಿದ್ದನ್ನು ಹಲವು ಕಡೆ ಅಳೆದು, ಅದು ಎಲ್ಲಿಂದ ಮರಳಿತೆಂದು ಲೆಕ್ಕದಿಂದಲೇ ಚಿತ್ರ ಬಿಡಿಸುವ ವಿಧಾನವೊಂದನ್ನು ವರ್ಷಗಟ್ಟಲೆ ತಿದ್ದಿ ತೀಡಿದ್ದಳು.

ಹೆರಿಗೆ ಆಸ್ಪತ್ರೆಯ ತಾರಸಿಯ ಕಾಂಕ್ರೀಟ್ ತೊಟ್ಟಿ ಜಿನುಗತೊಡಗಿದಾಗ ಅಲ್ಲಿನ ಎಂಜಿನಿಯರ್ ಅವಳನ್ನು ಕರೆಸಿದ. ತೊಟ್ಟಿ ಖಾಲಿ ಮಾಡಿಸಿ, ಜಿನುಗುವ ಗೋಡೆಯನ್ನು ಅಳೆದಳು. ಚಿತ್ರದಲ್ಲಿ ಗೆರೆ ಮೂಡಿತು. ಅಲ್ಲಿ ಕೊರೆದರೆ ಗಟ್ಟಿ ಕಾಂಕ್ರೀಟು. ಬಿರುಕಿನ ಸುಳಿವೇ ಇಲ್ಲ.

“ಕಂಪ್ಯೂಟರಲ್ಲಿ ಚೆನ್ನಾಗೇ ಇತ್ತು ಮೇಡಂ,” ಎಂದ ಎಂಜಿನಿಯರ್. “ಬಿಡಿ, ಒಳಗಿಂದ ಏನಾದ್ರೂ ಬಳಿದುಬಿಡ್ತೀವಿ.”

ಅವಳ ಕಿವಿ ಬಿಸಿಯಾಯಿತು. “ಬಳಿದ್ರೆ ಬಿರುಕು ಹೋಗಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೇ. ಕೆಳಗೆ ಬಾಣಂತಿಯರು ಮಲಗಿದಾರೆ. ಒಂದು ವಾರ ತಡೀರಿ. ತಪ್ಪು ನಂದೇ, ಹುಡುಕ್ತೀನಿ.”

ಲೆಕ್ಕವನ್ನು ಮೊದಲಿಂದ ಜಾಲಾಡಿದಳು. ಕೂಡಿಸುವುದರಲ್ಲಿ ಎಡವಿರಲಿಲ್ಲ. ಆಮೇಲೆ ಹೊಳೆಯಿತು: ಆ ಗೋಡೆಯ ಒಂದರ್ಧಕ್ಕೆ ಬಿಸಿಲು, ಇನ್ನರ್ಧ ಸದಾ ನೆರಳು. ಇಡೀ ಗೋಡೆ ಒಣಗಿದೆ ಎಂದೇ ಅವಳು ನಂಬಿದ್ದಳು. ನೆರಳಿನ ಕಡೆ ಇನ್ನೂ ಒದ್ದೆ; ಒದ್ದೆ ಕಾಂಕ್ರೀಟಿನಲ್ಲಿ ಅಲೆ ನಿಧಾನ, ತಡವಾಗಿ ಮರಳಿದ್ದನ್ನು ಲೆಕ್ಕ ದೂರ ಎಂದುಕೊಂಡಿತ್ತು!

ಪರೀಕ್ಷೆಗೆಂದು ತಗಡಿನ ಪಟ್ಟಿ ಹುದುಗಿಸಿ ಎರಕ ಹೊಯ್ದಿದ್ದ ಚಪ್ಪಡಿಯೊಂದು ಅವಳ ಮನೆಯ ಹಿತ್ತಲಲ್ಲಿತ್ತು. ಅದರ ಅರ್ಧಕ್ಕೆ ಗೋಣಿತಾಟು ಹೊದಿಸಿ, ದಿನವೂ ನೀರು ಸುರಿದಳು. ನಾದಿನಿ ಕೊಡ ಹಿಡಿದು ಬಂದಳು.

“ಗಿಡಕ್ಕೆ ನೀರು ಹಾಕೋರನ್ನ ನೋಡಿದೀನಿ ಅತ್ತಿಗೆ. ಇದೇನು, ಕಲ್ಲು ಚಿಗುರುತ್ತಾ?”

“ಚಿಗುರಿಸ್ತೀನಿ, ಸುರಿ.”

ಅಳೆದು ನೋಡಿದಾಗ ಚಿತ್ರದಲ್ಲಿ ತಗಡು ಒಣಗಿದ ಕಡೆಗೆ ಸರಿದು ಕೂತಿತ್ತು. ತೇವವನ್ನು ಲೆಕ್ಕಕ್ಕೆ ಸೇರಿಸಿದ್ದೇ ತಡ, ತನ್ನ ಜಾಗಕ್ಕೆ ಮರಳಿತು. ನಾದಿನಿ ಕೊಡ ಕೆಳಗಿಟ್ಟು, “ಅಬ್ಬಾ!” ಎಂದಳು.

ಎರಡೂ ಚಿತ್ರ ಹಿಡಿದು ಅವಳು ಎಂಜಿನಿಯರನ ಮುಂದೆ ನಿಂತಳು. ಅವನು ತಲೆ ಕೆರೆದುಕೊಂಡ. “ಇನ್ನೊಂದೇ ಸಲ ಕೊರೀತೀವಿ, ಮತ್ತೆ ಕೇಳಬೇಡಿ.”

ನೆರಳಿನ ಕಡೆ, ಮೊದಲ ತೂತಿನಿಂದ ಒಂದು ಗೇಣು ದೂರದಲ್ಲಿ ಕೊರೆದರು. ಹೊರಬಂದ ಕಾಂಕ್ರೀಟಿನ ತುಂಡಿನ ಉದ್ದಕ್ಕೂ ಒದ್ದೆ ಗೆರೆಯೊಂದು ಓಡಿತ್ತು. ಎಂಜಿನಿಯರ್ ಉಗುರಿಂದ ತಡವಿ ನೋಡಿದ.

“ಕೈಗೂ ಸಿಗಲ್ವಲ್ಲ ಮೇಡಂ, ಇಷ್ಟು ಸಣ್ಣದು!”

ಅವಳು ತುಂಡನ್ನು ಕೈಗೆತ್ತಿಕೊಂಡು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ಬಿರುಕನ್ನು ಉದ್ದಕ್ಕೂ ಬಗೆದು ತುಂಬಿ, ತೊಟ್ಟಿಗೆ ಮತ್ತೆ ನೀರು ಬಿಟ್ಟ ದಿನ ಅವಳೂ ನೋಡಲು ಹೋಗಿದ್ದಳು. ವಾರ್ಡಿನ ಮೂಲಕ ಇಳಿದು ಬರುವಾಗ ಬಾಣಂತಿಯೊಬ್ಬಳು ಅವಳನ್ನು ದಾದಿಯೆಂದುಕೊಂಡು ಕರೆದಳು. “ಸಿಸ್ಟರ್, ಮಗು ಬಟ್ಟೆ ಒದ್ದೆ ಮಾಡ್ಕೊಂಡಿದೆ. ನಲ್ಲೀಲಿ ನೀರು ಬರ್ತಿದೆಯಾ?”

“ಬರ್ತಿದೆ ಕಣಮ್ಮ, ಕೊಡಿ ಇಲ್ಲಿ,” ಎಂದು ಗೆರೆ ಮೇಡಂ ಬಟ್ಟೆ ಇಸಿದುಕೊಂಡಳು.